ಅಷ್ಟೂರಿನ ಗುಮ್ಮಟಗಳು, ಗೋರನಳ್ಳಿಯ ಒಂದು ಕಟ್ಟೆ
ನಮ್ಮ ಬೀದರ್ ಇತಿಹಾಸ | ಭಾಗ 6

ದೋಸ್ತ್ರೆ, ಹೋದ ಭಾಗದಾಗ ಕೋಟೆ ನೋಡಿದ್ವಿ. ಆ ಕೋಟೆಯಿಂದ ಆಳಿದ ಬಹಮನಿ ಸುಲ್ತಾನರನ್ನ ಎಲ್ಲಿ ಮಣ್ಣು ಮಾಡಿದ್ರು ಗೊತ್ತೇನು? ಹೋದ ರವಿವಾರ ನಾವು ನಾಲ್ಕು ಮಂದಿ ಚಿಂತಾಕಿಯಿಂದ ಔರಾದಕ್ಕೆ ಬಂದು, ಬೀದರ್ ಬಸ್ ಹಿಡಿದು ಅದನ್ನೇ ನೋಡ್ಲಿಕ್ಕೆ ಹೋಗಿದ್ವಿ.

📷 1. ಬೀದರ್‌ನಿಂದ ಪೂರ್ವಕ್ಕೆ ಸುಮಾರು 3 ಕಿ.ಮೀ. ದೂರದ ಅಷ್ಟೂರು. ಬಯಲಿನಲ್ಲಿ ಸಾಲಾಗಿ ಗುಮ್ಮಟಗಳು. ಸ್ಕಾಟ್ಲೆಂಡ್‌ನ ದೊಡ್ಡ ರಾಜ ರಾಬರ್ಟ್ ಬ್ರೂಸ್ 1329ರಲ್ಲಿ ಸತ್ತಾಗ ದೇಹವನ್ನ ಡನ್‌ಫರ್ಮ್‌ಲಿನ್ ಮಠದಲ್ಲಿ ಹೂಳಿದ್ರು, ಹೃದಯವನ್ನ ಮೆಲ್ರೋಸ್ ಮಠದಲ್ಲಿ. ಆ ಗೋರಿ ಒಡೆದು ಹೋಯ್ತು, ಅಸ್ಥಿ ಮತ್ತೆ ಸಿಕ್ಕಿದ್ದು 1818ರಲ್ಲಿ. ಅಲ್ಲಿ ರಾಜನನ್ನ ಮಣ್ಣಾಗ ಹುಡುಕಬೇಕಾಯ್ತು. ನಮ್ಮಲ್ಲಿ ರಸ್ತೆಯಿಂದಲೇ ಕಾಣಸ್ತಾರ, ಆದ್ರ ನಾವೇ ಹೋಗಂಗಿಲ್ಲ.

📷 2. ಇದು ಅಹಮದ್ ಶಾ ವಲಿಯ ಗೋರಿ. ಕಲಬುರಗಿಯಿಂದ ರಾಜಧಾನಿಯನ್ನ ಬೀದರ್‌ಗೆ ತಂದವನು ಇವನೇ. ತೀರಿಕೊಂಡದ್ದು 1436ರಲ್ಲಿ. ಒಳಗೆ ಕತ್ತಲು. ಅಲ್ಲಿದ್ದ ಕಾಕಾ ಒಬ್ಬರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನ ಒಳಗೆ ತಿರುಗಿಸಿದ್ರು. ಬಂಗಾರದ ಬಣ್ಣ, ಕೆಂಪು, ನೀಲಿ, ಬಳ್ಳಿ, ಅಕ್ಷರ ಎಲ್ಲಾ ಒಮ್ಮೆಲೇ ಕಂಡವು! ಹೋಳಿ ಆದ ಮೇಲೆ ಇಲ್ಲಿ ಉರುಸು ನಡೀತದ. ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರು ಬರ್ತಾರ. ಹಿಂದೂಗಳು ಇವನನ್ನ ಅಲ್ಲಮಪ್ರಭು ಅಂತ ನಂಬಿ ನಡಕೋತಾರ, ಮುಸ್ಲಿಮರು ವಲಿ ಅಂತ. ಸುಲ್ತಾನ ಅನ್ನೋದಕ್ಕಿಂತ ಸಂತ ಅಂತಲೇ ಜನರ ನೆನಪಿನಲ್ಲಿ ಉಳಿದಾನ.

📷 3. ಅರ್ಧ ಬಿದ್ದದ್ದು ಹುಮಾಯೂನನ ಗೋರಿ (ಆಳಿದ್ದು 1458ರಿಂದ 1461). ಸಿಡಿಲು ಬಡಿದು ಸೀಳಿತು ಅಂತಾರ. ಒಳ್ಳೇದು ಏನಂದ್ರ, ಗುಮ್ಮಟ ಎಷ್ಟು ದಪ್ಪ, ಹೆಂಗ ಕಟ್ಟಿದ್ರು ಅಂತ ಕಣ್ಣಿಂದಲೇ ನೋಡಬಹುದು. ಇವನಿಗೆ ‘ಜಾಲಿಮ್’ ಅಂದ್ರೆ ಕ್ರೂರಿ ಅಂತ ಹೆಸರಿತ್ತು, ಅದಕ್ಕೇ ಸಿಡಿಲು ಬಿತ್ತು ಅನ್ನೋರೂ ಇದ್ದಾರೆ. ಆದರೆ ಇತಿಹಾಸಕಾರ ಶೇರ್ವಾನಿ ಇವನು ಅಷ್ಟು ಕೆಟ್ಟವನು ಅನ್ನೋದನ್ನ ಒಪ್ಪಲಿಲ್ಲ.

📷 4. ಸಾಲಿನ ಕೊನೆಗೆ ಹೋದಂಗ ಗೋರಿಗಳು ಸಣ್ಣ ಆಗ್ತಾವ. ಕೊನೆಯ ಸುಲ್ತಾನರು ಹೆಸರಿಗೆ ಮಾತ್ರ, ಅಧಿಕಾರ ಬರೀದರ ಕೈಯಲ್ಲಿತ್ತು. ಗೋರಿಗಳ ಅಳತೆ ನೋಡಿದ್ರೇ ರಾಜ್ಯ ಹೆಂಗ ಇಳೀತು ಅಂತ ತಿಳೀತದ.

📷 5. ಇಲ್ಲಿ ಗುಮ್ಮಟ ಇಲ್ಲ, ಬರೇ ಕಟ್ಟೆ ಮೇಲೆ ಗೋರಿ. ಇದು ಅಷ್ಟೂರು ಅಲ್ಲ, ಬೀದರ್‌ನ ದಕ್ಷಿಣಕ್ಕಿರುವ ಗೋರನಳ್ಳಿ. ದಾರಿ ಕೇಳಿದ್ರೆ ಮೂವರಿಗೆ ಗೊತ್ತಿರಲಿಲ್ಲ. ಆಡು ಮೇಯಿಸ್ತಿದ್ದ ಅಜ್ಜಿ ಕೈ ಮಾಡಿ ತೋರಿಸಿದಳು. ಮಲಗಿರೋದು ಮಹಮೂದ್ ಗವಾನ್! 1472ರಲ್ಲಿ ಮದರಸಾ ಕಟ್ಟಿಸಿದ ದಿವಾನ. ವೈರಿಗಳು ಅವನ ಮೊಹರು ಬಿದ್ದ ಕಾಗದದ ಮೇಲೆ, ಒಡಿಶಾದ ರಾಜನಿಗೆ ಬರೆದಂಗ ಸುಳ್ಳು ಪತ್ರ ಹುಟ್ಟಿಸಿದ್ರು. ಮೂರನೇ ಮುಹಮ್ಮದ್ ಶಾ ವಿಚಾರಣೆ ಮಾಡದೇ 1481ರಲ್ಲಿ ಕೊಲ್ಲಿಸಿದ. ಗವಾನ್‌ಗೆ ಆಗ 70 ದಾಟಿತ್ತು. ಮರುವರ್ಷ ಸುಲ್ತಾನನೂ ಸತ್ತ. ಅವನ ಗೋರಿ ಅಷ್ಟೂರಿನ ಸಾಲಿನಲ್ಲಿದೆ. ಆದ್ರ ಬೀದರ್‌ನಾಗ ಇವತ್ತು ಯಾರ ಹೆಸರು ಕೇಳಿದ್ರ ಗೊತ್ತದ ಅಂತಾರ, ನೀವೇ ಹೇಳ್ರಿ.

ಇನ್ನೊಂದು ಮಾತು. ಫೋಟೋ 4 ಜೂಮ್ ಮಾಡ್ರಿ: ಗೋಡೆ ತುಂಬಾ ಹೆಸರು, ಹಾರ್ಟ್, ಮೊಬೈಲ್ ನಂಬರ್. ನಮ್ಮ ಜೊತೆಗಿದ್ದವನೇ ಒಬ್ಬ ಬೈಕ್ ಕೀ ತೆಗೆದಿದ್ದ. ಕೈ ಹಿಡಿದು ನಿಲ್ಲಿಸಿದ್ವಿ. ಅವನಿಗೆ ಸಿಟ್ಟು ಬಂತು, ಬಸ್ಸಿನಾಗ ಮಾತೇ ಆಡಲಿಲ್ಲ. ರಾತ್ರಿ ಮೆಸೇಜ್ ಮಾಡಿದ: ‘ಗವಾನ್ ಗೋರಿ ಫೋಟೋ ಕಳಸು.’ 🙂

ಅಡ್ಮಿಷನ್‌ಗೋ ದವಾಖಾನೆಗೋ ಬೀದರ್‌ಗೆ ಹೆಂಗೂ ಹೋಗ್ತೀರಿ. ಒಂದು ತಾಸು ತೆಗೀರಿ. ಅಷ್ಟೂರು ನೋಡಿ ಬರ್ರಿ, ಸಾಧ್ಯ ಆದ್ರ ಗೋರನಳ್ಳಿಗೂ. ಗೋಡೆಗೆ ಮಾತ್ರ ಕೈ ಹಚ್ಚಬ್ಯಾಡ್ರಿ.

ಮುಂದಿನ ಭಾಗ: ಬದುಕಿದ್ದಾಗಲೇ ತನ್ನ ಗೋರಿ ಕಟ್ಟಿಸಿಕೊಂಡ ಅಲಿ ಬರೀದ್. ಸೇವ್ ಮಾಡಿ ಇಟ್ಕೋರಿ 🔖

#ನಮ್ಮಬೀದರ್ #ಅಷ್ಟೂರು #ಮಹಮೂದ್‌ಗವಾನ್ #ಚಿಂತಾಕಿ #ಔರಾದ