ಕಷ್ಟಕಾಲ ಕಟ್ಟಿಸಿದ ಸಂಸ್ಥೆ: ಕ್ಯಾಂಪ್ಕೊ

1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದಾಗ ದಕ್ಷಿಣ ಕನ್ನಡ, ಕಾಸರಗೋಡಿನ ಬೆಳೆಗಾರರು ದಿಕ್ಕು ತೋಚದಂತಾದರು. ಅಂಗಳದಲ್ಲಿ ಒಣಗಿಸಿದ ಅಡಿಕೆಗೆ ವ್ಯಾಪಾರಿ ಹೇಳಿದ್ದೇ ಬೆಲೆ. ಉತ್ತರ ಭಾರತದ ಪೇಟೆಯಲ್ಲಿ ಏನು ನಡೆಯುತ್ತಿದೆ ಎಂಬುದು ತೋಟದವರಿಗೆ ಗೊತ್ತಾಗುತ್ತಿರಲಿಲ್ಲ. ಆ ಸಂಕಟದಲ್ಲಿ ಬೆಳೆಗಾರರನ್ನು ಒಗ್ಗೂಡಿಸಿದವರು ವಾರಣಾಶಿ ಸುಬ್ರಾಯ ಭಟ್ಟರು. 1973ರ ಜುಲೈ 11ರಂದು ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಒಂದೇ ಸಹಕಾರಿಯ ಸದಸ್ಯರಾದರು. ಭಟ್ಟರು ಅದರ ಸ್ಥಾಪಕ ಅಧ್ಯಕ್ಷರು.

ಸಂಸ್ಥೆಯ ನಿಜವಾದ ಪರೀಕ್ಷೆ ನಡೆದದ್ದು ಕೊಕ್ಕೋ ವಿಷಯದಲ್ಲಿ. ಅಡಿಕೆ ತೋಟದ ನೆರಳಿನಲ್ಲಿ ಬೆಳೆಯುವ ಈ ಉಪಬೆಳೆಯನ್ನು ರೈತರು ನಂಬಿಕೆಯಿಂದ ನೆಟ್ಟಿದ್ದರು. 1980ರ ಹೊತ್ತಿಗೆ ಅಂತಾರಾಷ್ಟ್ರೀಯ ಬೆಲೆ ಬಿದ್ದು, ಕೊಳ್ಳುವವರೇ ಇಲ್ಲದಾಯಿತು. ಒಣ ಅಡಿಕೆಯಾದರೆ ಮನೆಯಲ್ಲಿ ದಾಸ್ತಾನಿಟ್ಟು ಒಳ್ಳೆಯ ಧಾರಣೆಗೆ ಕಾಯಬಹುದು. ಹಳೆ ಅಡಿಕೆಗೆ ಬೆಲೆಯೂ ಹೆಚ್ಚು. ಹಸಿ ಕೊಕ್ಕೋ ಬೀಜ ಹಾಗಲ್ಲ. ಕೋಡು ಒಡೆದ ಮೇಲೆ ಬೇಗನೆ ಹುದುಗಿಸಿ ಒಣಗಿಸದಿದ್ದರೆ ಕೆಟ್ಟುಹೋಗುತ್ತದೆ. ಮಾರದೆ ಕಾಯುವ ಶಕ್ತಿ ಬೆಳೆಗಾರನಿಗಿರಲಿಲ್ಲ.

ಆಗ ಕ್ಯಾಂಪ್ಕೊ ಖರೀದಿಗೆ ಇಳಿಯಿತು. ಕೊಂಡ ಬೀಜವನ್ನು ಮಾರಲು ಪರರನ್ನೇ ನಂಬಿದರೆ ಅದೇ ಕಷ್ಟ ಮರಳಿ ಬರುತ್ತದೆ ಎಂದು ಅರಿತು, 1986ರಲ್ಲಿ ಪುತ್ತೂರಿನಲ್ಲಿ ಸ್ವಂತ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಅಡಿಕೆ ಬೆಳೆಗಾರರ ಸಂಸ್ಥೆಯೊಂದು ಇಂಥ ಉದ್ಯಮಕ್ಕೆ ಕೈಹಾಕಿದ್ದು ದೊಡ್ಡ ಧೈರ್ಯ. ಪೆಟ್ಟು ಬಿದ್ದ ಕಡೆ ತಾತ್ಕಾಲಿಕ ಪರಿಹಾರಕ್ಕೆ ತೃಪ್ತಿಪಡದೆ ಶಾಶ್ವತ ವ್ಯವಸ್ಥೆ ಕಟ್ಟಿದ್ದೇ ಕ್ಯಾಂಪ್ಕೊ ಬಾಳಿದ ಗುಟ್ಟು. 2020ರ ಲಾಕ್‌ಡೌನ್ ನಡುವೆಯೂ ಸೀಮಿತ ಪ್ರಮಾಣದಲ್ಲಿ ಅಡಿಕೆ ಕೊಂಡು ಸದಸ್ಯರ ಕೈಗೆ ಹಣ ತಲುಪಿಸಲು ಸಾಧ್ಯವಾದದ್ದು ಹೀಗೆ ಬೆಳೆಸಿಕೊಂಡ ಬಲದಿಂದಲೇ.

ಮುಂದಿನ ಕಷ್ಟಗಳು ಈಗಾಗಲೇ ಕಣ್ಣೆದುರಿವೆ. ಸುಳ್ಯದ ಕಡೆ ಹಳದಿ ಎಲೆ ರೋಗ ತೋಟಗಳನ್ನೇ ಬರಿದು ಮಾಡಿದೆ. ಎಲೆಚುಕ್ಕಿ ರೋಗ ಮಲೆನಾಡಿನಲ್ಲೂ ಹರಡಿದೆ. ಅಗ್ಗದ ವಿದೇಶಿ ಅಡಿಕೆಯ ಭಯ ತಪ್ಪಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಒಂದೇ ಬೆಳೆಗೆ ಜೋತುಬಿದ್ದ ಸಂಸಾರಕ್ಕೂ ಸಂಸ್ಥೆಗೂ ಇವು ಸಣ್ಣ ಎಚ್ಚರಿಕೆಗಳಲ್ಲ.

ಆದ್ದರಿಂದ ಧಾರಣೆ ಚೆನ್ನಾಗಿರುವ ವರ್ಷಗಳಲ್ಲೇ ಮೀಸಲು ನಿಧಿ ಬಲಪಡಿಸಬೇಕು, ಗೋದಾಮು ಕಟ್ಟಬೇಕು, ರೋಗ ಸಂಶೋಧನೆಗೆ ಹಣ ಕೊಡಬೇಕು, ಕೊಕ್ಕೋ, ಕಾಳುಮೆಣಸುಗಳಿಗೆ ತೋಟದಲ್ಲಿ ಜಾಗ ಮಾಡಬೇಕು. ಸದಸ್ಯರ ಹೊಣೆ ಇನ್ನೂ ದೊಡ್ಡದು. ಬೆಲೆ ಏರಿದಾಗ ನಾಲ್ಕು ಕಾಸು ಹೆಚ್ಚು ಕೊಡುವ ಹೊರಗಿನ ಅಂಗಡಿಗೆ, ಇಳಿದಾಗ ಮಾತ್ರ ಸಹಕಾರಿಯ ಬಾಗಿಲಿಗೆ ಹೋಗುವ ರೂಢಿ ಯಾವ ಸಂಸ್ಥೆಯನ್ನೂ ಉಳಿಸದು. ಫಸಲಿನ ಒಂದು ಪಾಲನ್ನಾದರೂ ಪ್ರತಿ ವರ್ಷ ನಮ್ಮ ಸಂಸ್ಥೆಗೇ ಕೊಡೋಣ.