ಛಾಯಾಗ್ರಾಹಕರನ್ನು ಗೆದ್ದ ಜಾಹೀರಾತು, ಕಳೆದುಕೊಂಡ ಜಾಹೀರಾತು

ಕ್ಯಾಮೆರಾ ಜಾಹೀರಾತು ಹೆಸರು ಮಾಡಿದ್ದೇ ಛಾಯಾಗ್ರಹಣ ಗೊತ್ತಿಲ್ಲದವರನ್ನು ಸೆಳೆದು. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ತಂದ ಕೊಡಕ್ ಕ್ಯಾಮೆರಾದ ಬೆಲೆ 25 ಡಾಲರ್. ಒಳಗೆ 100 ಚಿತ್ರಗಳಿಗೆ ಸಾಲುವ ಫಿಲಂ. ಗುಂಡಿ ಒತ್ತುವುದಷ್ಟೇ ನಿಮ್ಮ ಕೆಲಸ, ಉಳಿದದ್ದು ನಮಗೆ ಬಿಡಿ ಎಂದಿತು ಕಂಪನಿ. ಕೌಶಲವನ್ನೇ ನಂಬಿ ಬದುಕುವವರಿಗೆ ಈ ಮಾತು ನಾಟುವಂಥದ್ದಲ್ಲ. ಅವರಿಗೆ ದುಬಾರಿ ಕ್ಯಾಮೆರಾ ಮಾರಲು ಹೊರಟವರು ಬೇರೆ ದಾರಿ ಹುಡುಕಬೇಕಾಯಿತು.

ಆ ದಾರಿಯನ್ನು ಸ್ಪಷ್ಟವಾಗಿ ತೋರಿದ್ದು ಲೈಕಾ. ಆಸ್ಕರ್ ಬರ್ನಾಕ್ ರೂಪಿಸಿದ ಈ ಪುಟ್ಟ ಕ್ಯಾಮೆರಾ 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಬಿಡುಗಡೆಯಾಯಿತು. 24×36 ಮಿ.ಮೀ. ನೆಗೆಟಿವ್‌ನಿಂದ ಒಳ್ಳೆಯ ಪ್ರಿಂಟ್ ಬಂದೀತೇ ಎಂಬ ಅನುಮಾನ ವೃತ್ತಿಪರರದು. ಅದನ್ನು ಕಳೆದದ್ದು ಜಾಹೀರಾತಿನ ಮಾತಲ್ಲ, ಛಾಯಾಗ್ರಾಹಕ ಪಾಲ್ ವೂಲ್ಫ್ ತೆಗೆದ ಚಿತ್ರಗಳು. ಲೈಕಾದೊಂದಿಗಿನ ಅನುಭವಗಳನ್ನು ಕುರಿತು 1934ರಲ್ಲಿ ಅವರು ತಂದ ಪುಸ್ತಕ, ಚಿಕ್ಕ ನೆಗೆಟಿವ್‌ನ ಶಕ್ತಿಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು.

ನಿಕಾನ್‌ನ ಕತೆಯೂ ಇಂಥದ್ದೇ. 1950ರಲ್ಲಿ ಟೋಕಿಯೊದಲ್ಲಿ ‘ಲೈಫ್’ ಪತ್ರಿಕೆಯ ಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್ ಅವರ ಫೋಟೊವನ್ನು ಜಪಾನಿನ ಛಾಯಾಗ್ರಾಹಕ ಜುನ್ ಮಿಕಿ ನಿಕಾನ್ ಕಂಪನಿಯ ನಿಕ್ಕೋರ್ ಲೆನ್ಸಿನಲ್ಲಿ ತೆಗೆದರು. ಪ್ರಿಂಟ್‌ನ ಸ್ಪಷ್ಟತೆಗೆ ಬೆರಗಾದ ಡಂಕನ್ ನೇರ ನಿಪ್ಪಾನ್ ಕೊಗಾಕು (ನಿಕಾನ್ ಕಂಪನಿಯ ಅಂದಿನ ಹೆಸರು) ಕಾರ್ಖಾನೆಗೇ ಹೋಗಿ ಲೆನ್ಸ್‌ಗಳನ್ನು ಪರೀಕ್ಷಿಸಿದರು, ಕೊರಿಯಾ ಯುದ್ಧಭೂಮಿಗೂ ಒಯ್ದರು. ಅದೇ ಡಿಸೆಂಬರ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಈ ಲೆನ್ಸ್‌ಗಳ ಬಗ್ಗೆ ಬರೆಯಿತು. ಕಾಸು ಕೊಟ್ಟು ಬರೆಸಿದ ಯಾವ ಹೊಗಳಿಕೆಗೂ ಈ ತೂಕ ಬರುತ್ತಿರಲಿಲ್ಲ.

ಹ್ಯಾಸಲ್‌ಬ್ಲಾಡ್‌ಗೆ ಇನ್ನೂ ದೊಡ್ಡ ಸಾಕ್ಷಿ ಸಿಕ್ಕಿತು. 1962ರಲ್ಲಿ ಗಗನಯಾತ್ರಿ ವಾಲ್ಟರ್ ಶಿರಾ ಹ್ಯೂಸ್ಟನ್ನಿನ ಅಂಗಡಿಯೊಂದರಲ್ಲಿ 500ಸಿ ಮಾದರಿಯನ್ನು ಕೊಂಡರು. ಹೊರಗಿನ ಹೊದಿಕೆ ಕಿತ್ತು, ಬೆಳಕು ಪ್ರತಿಫಲಿಸದಂತೆ ಕಪ್ಪು ಬಣ್ಣ ಬಳಿದು, ಅದನ್ನು ಬಾಹ್ಯಾಕಾಶಕ್ಕೆ ಕೊಂಡೊಯ್ಯಲಾಯಿತು. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ನೆಲದಲ್ಲಿ ಬಳಸಿದ್ದೂ ಇದೇ ಕಂಪನಿಯ ಕ್ಯಾಮೆರಾ. 1980ರಿಂದೀಚೆಗೆ ಹ್ಯಾಸಲ್‌ಬ್ಲಾಡ್ ಪ್ರತಿಷ್ಠಾನ ಛಾಯಾಗ್ರಾಹಕರಿಗೆ ಪ್ರಶಸ್ತಿ ಕೊಡುತ್ತಿದೆ. ಲೈಕಾ ಬರ್ನಾಕ್ ಹೆಸರಿನ ಪ್ರಶಸ್ತಿ ಸ್ಥಾಪಿಸಿತು, ಗ್ಯಾಲರಿಗಳನ್ನು ನಡೆಸಿತು. ಬಳಸುವವರನ್ನು ಗೌರವಿಸಿದಷ್ಟೂ ಕ್ಯಾಮೆರಾದ ಗೌರವ ಬೆಳೆಯಿತು.

ಡಿಜಿಟಲ್ ಯುಗದಲ್ಲಿ ಈ ಪಾಠ ಮರೆತವರು ಎಡವಿದರು. 2012ರಲ್ಲಿ ಹ್ಯಾಸಲ್‌ಬ್ಲಾಡ್, ಸೋನಿ ನೆಕ್ಸ್-7 ಕ್ಯಾಮೆರಾಕ್ಕೇ ಮರದ ಹಿಡಿಕೆಯಂಥ ಅಲಂಕಾರ ಮಾಡಿ, ‘ಲೂನಾರ್’ ಎಂದು ಹೆಸರಿಟ್ಟು, ಸುಮಾರು 5000 ಯೂರೊಗೆ ಮಾರಲು ಹೋಯಿತು. ಚಂದ್ರನ ನೆನಪನ್ನು ಬೆಲೆಪಟ್ಟಿಗೆ ಅಂಟಿಸಿದ್ದನ್ನು ಛಾಯಾಗ್ರಾಹಕರು ಒಪ್ಪಲಿಲ್ಲ. 2016ರಲ್ಲಿ ಹುವಾವೆ ತನ್ನ ಲೈಕಾ ಸಹಭಾಗಿತ್ವದ ಫೋನಿನ ಪ್ರಚಾರಕ್ಕೆ ಹಾಕಿದ ಚಿತ್ರ ಕ್ಯಾನನ್ ಕ್ಯಾಮೆರಾದ್ದೆಂದು ಫೈಲಿನ ಎಕ್ಸಿಫ್ ಮಾಹಿತಿಯೇ ಹೇಳಿಬಿಟ್ಟಿತು. 2017ರಲ್ಲಿ ನಿಕಾನ್ ಡಿ850 ಪ್ರಚಾರಕ್ಕೆ ಆರಿಸಿದ 32 ಛಾಯಾಗ್ರಾಹಕರಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ; ಟೀಕೆ ಸಹಜವಾಗಿತ್ತು.

ಹಾಗಾದರೆ ಜಾಹೀರಾತು ಹೇಗಿರಬೇಕು? ಕಬಿನಿಯ ಸಫಾರಿಗೆ ಉದ್ದನೆಯ ಲೆನ್ಸ್ ಹೊತ್ತು ಹೋಗುವ ಬೆಂಗಳೂರು, ಮೈಸೂರಿನ ವನ್ಯಜೀವಿ ಛಾಯಾಗ್ರಾಹಕರ ಪ್ರಶ್ನೆಗಳು ನೇರ. ಸಂಜೆಯ ಮಬ್ಬಿನಲ್ಲಿ ಫೋಕಸ್ ಹಿಡಿದೀತೇ? ಜೀಪಿನ ಧೂಳನ್ನು ತಡೆದೀತೇ? ಕೆಟ್ಟರೆ ಸರ್ವಿಸ್ ಎಲ್ಲಿ, ಎಷ್ಟು ದಿನ? ಜಾಹೀರಾತು ಇವಕ್ಕೆ ಉತ್ತರಿಸಬೇಕು. ಅದೇ ಕ್ಯಾಮೆರಾದಲ್ಲಿ ತೆಗೆದ ಚಿತ್ರ, ತೆಗೆದವರ ಹೆಸರು, ಐಎಸ್‌ಒ, ಶಟರ್ ವೇಗ, ಬಳಸಿದ ಲೆನ್ಸ್ ಎಲ್ಲವೂ ಕಾಣಬೇಕು. ಚಿತ್ರಕ್ಕೆ ನ್ಯಾಯವಾದ ಸಂಭಾವನೆ ಸಲ್ಲಬೇಕು. ಎಲ್ಲಿ ಕ್ಯಾಮೆರಾ ಸೋಲುತ್ತದೆ ಎಂಬುದನ್ನೂ ಹೇಳುವ ಧೈರ್ಯ ಬೇಕು. ವಾರಾಂತ್ಯಕ್ಕೆ ಕ್ಯಾಮೆರಾವನ್ನೇ ಕೈಗೆ ಕೊಟ್ಟು, ಬಳಸಿ ನೋಡಿ ಎನ್ನುವುದು ಎಲ್ಲಕ್ಕಿಂತ ಒಳ್ಳೆಯ ಪ್ರಚಾರ. ಡಂಕನ್ ಲೆನ್ಸ್ ನಂಬಿದ್ದು ಪರೀಕ್ಷಿಸಿದ ಮೇಲೆ. ಲಕ್ಷಗಟ್ಟಲೆ ರೂಪಾಯಿ ಸುರಿಯುವ ಇಂದಿನ ಛಾಯಾಗ್ರಾಹಕರಿಗೂ ಆ ಅವಕಾಶ ಸಿಗಬೇಕು.