ಸ್ಮೃತಿಯ ಸಾಕ್ಷ್ಯ: ಕರ್ನಾಟಕದಲ್ಲಿ ಮಿದುಳು ಪರೀಕ್ಷೆಯ ಚರಿತ್ರೆ

ಭಾರತದ ಸರ್ವೋಚ್ಚ ನ್ಯಾಯಾಲಯವು 2010ರ ಮೇ 5ರಂದು ‘ಸೆಲ್ವಿ ಮತ್ತು ಇತರರು ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ನೀಡಿದ ತೀರ್ಪು ಜನಸಾಮಾನ್ಯರಲ್ಲಿ ಮಂಪರು ಪರೀಕ್ಷೆಯ ತೀರ್ಪೆಂದೇ ಪ್ರಸಿದ್ಧವಾಗಿದೆ. ವಾಸ್ತವದಲ್ಲಿ ಅದು ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ಹಾಗೂ ಮಿದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ ಎಂಬ ಮೂರನ್ನೂ ಕುರಿತದ್ದು. ಮೂರನೆಯದಾದ ಮಿದುಳು ಪರೀಕ್ಷೆಯ ಚರಿತ್ರೆಗೂ ಕರ್ನಾಟಕಕ್ಕೂ ಇರುವ ನಂಟು ಹೆಚ್ಚು ಆಳವಾದುದು. ಈ ವಿಧಾನವನ್ನು ಭಾರತದಲ್ಲಿ ಬೆಳೆಸಿದ ವಿದ್ವಾಂಸರು ಬೆಂಗಳೂರಿನವರು. ಅದನ್ನು ಸಂಶಯಿತರ ಮೇಲೆ ಪ್ರಯೋಗಿಸಿದ ಪ್ರಮುಖ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲಿತ್ತು. ಅದರ ವೈಜ್ಞಾನಿಕತೆಯನ್ನು ತಿರಸ್ಕರಿಸಿದ ಸಮಿತಿಯ ನೇತೃತ್ವವೂ ಬೆಂಗಳೂರಿನದೇ.

ಮಿದುಳಿನ ವಿದ್ಯುತ್ ಸ್ಪಂದನಗಳನ್ನು ತಲೆಯ ಮೇಲ್ಮೈಯಿಂದ ದಾಖಲಿಸಬಹುದೆಂದು ಜರ್ಮನಿಯ ಯೇನಾ ನಗರದ ಹ್ಯಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದನು. 1965ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಸಟನ್ ಮತ್ತು ಸಂಗಡಿಗರು, ಅನಿಶ್ಚಿತವಾದ ಪ್ರಚೋದನೆಯೊಂದು ಎದುರಾದಾಗ ಸುಮಾರು 300 ಮಿಲಿಸೆಕೆಂಡುಗಳ ಬಳಿಕ ಧನಾತ್ಮಕ ಅಲೆಯೊಂದು ಏಳುವುದನ್ನು ಗುರುತಿಸಿದರು. ‘ಪಿ-300’ ಎಂದು ಹೆಸರಾದ ಈ ಅಲೆ ಮೂಲತಃ ಅವಧಾನಕ್ಕೆ ಸಂಬಂಧಿಸಿದ್ದು. ಅನೇಕ ಸಾಧಾರಣ ಸಂಗತಿಗಳ ನಡುವೆ ಅಪರೂಪಕ್ಕೆ ಬರುವ, ನೋಡುವವನಿಗೆ ಅರ್ಥವುಳ್ಳ ಸಂಗತಿಗೆ ಅದು ಎತ್ತರವಾಗಿ ಏಳುತ್ತದೆ. ಲಾರೆನ್ಸ್ ಫಾರ್ವೆಲ್ ಮತ್ತು ಇಮ್ಯಾನುಯೆಲ್ ಡಾಂಚಿನ್ 1991ರಲ್ಲಿ ಇದನ್ನೇ ಬಚ್ಚಿಟ್ಟ ಅರಿವನ್ನು ಪತ್ತೆಹಚ್ಚುವ ಸಾಧನವಾಗಿ ಮುಂದಿಟ್ಟರು. ಅಪರಾಧಿಗೆ ಮಾತ್ರ ತಿಳಿದಿರಬಹುದಾದ ವಿವರವನ್ನು ತೋರಿಸಿದಾಗ ಅವನು ಬಾಯಿ ಬಿಡದಿದ್ದರೂ ಅಲೆ ಏಳುತ್ತದೆಂಬುದು ಅವರ ತರ್ಕ.

ಈ ತರ್ಕದ ಬಲವನ್ನೂ ಮಿತಿಯನ್ನೂ ಕರಾವಳಿಯ ಒಂದು ಕಲ್ಪಿತ ಸನ್ನಿವೇಶದಿಂದ ಸ್ಪಷ್ಟಪಡಿಸಬಹುದು. ಕುಂದಾಪುರದ ಬಳಿ, ಗಂಗೊಳ್ಳಿ ಅಳಿವೆಯ ದಕ್ಷಿಣಕ್ಕಿರುವ ಕೋಡಿಯ ಕಡಲತೀರದಲ್ಲಿ ರಾತ್ರಿ ಅಪರಾಧವೊಂದು ನಡೆಯಿತೆಂದು ಭಾವಿಸೋಣ. ಪರದೆಯ ಮೇಲೆ ಮಲ್ಪೆ, ಭಟ್ಕಳ, ಹೊನ್ನಾವರ, ಕಾರವಾರ ಎಂಬ ಹೆಸರುಗಳ ನಡುವೆ ‘ಕೋಡಿ’ ಎಂಬ ಹೆಸರು ಮೂಡಿದಾಗ ಸಂಶಯಿತನ ಮಿದುಳಿನಲ್ಲಿ ಪಿ-300 ಕಾಣಿಸಿಕೊಂಡಿತು. ಆದರೆ ಅಪರಾಧ ಎಸಗಿದವನಲ್ಲಿ ಹೇಗೋ ಹಾಗೆಯೇ ಕೋಡಿಯಲ್ಲಿ ಹುಟ್ಟಿ ಬೆಳೆದವನಲ್ಲಿಯೂ, ಮರುದಿನ ಪತ್ರಿಕೆಯಲ್ಲಿ ಸುದ್ದಿ ಓದಿದವನಲ್ಲಿಯೂ, ದೀಪಸ್ತಂಭದ ಬಳಿ ನಿಂತು ದೂರದಿಂದ ಕಂಡ ಮೀನುಗಾರನಲ್ಲಿಯೂ, ಠಾಣೆಯ ವಿಚಾರಣೆಯಲ್ಲಿ ಆ ಹೆಸರನ್ನು ಹತ್ತು ಸಲ ಕೇಳಿದವನಲ್ಲಿಯೂ ಅದು ಏಳಬಲ್ಲದು. ಪರಿಚಯವನ್ನು ಅದು ತೋರಿಸೀತು. ಪರಿಚಯ ಎಲ್ಲಿಂದ ಬಂತೆಂಬುದನ್ನು ಹೇಳಲಾರದು.

ಈ ತೊಡಕನ್ನು ದಾಟುವ ಪ್ರಯತ್ನವಾಗಿಯೇ ಬೆಂಗಳೂರಿನ ವಿಧಾನವನ್ನು ನೋಡಬೇಕು. 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಹಳೆಯ ಮಾನಸಿಕ ಆಸ್ಪತ್ರೆಯೊಡನೆ 1974ರಲ್ಲಿ ವಿಲೀನಗೊಂಡು ನಿಮ್ಹಾನ್ಸ್ ಆಯಿತು. ಅಲ್ಲಿ ಚಿಕಿತ್ಸಾ ಮನೋವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದ ಸಿ.ಆರ್. ಮುಕುಂದನ್ ಅವರು ‘ಬಿಯೋಸ್’ ಎಂಬ ಸಂಕ್ಷಿಪ್ತ ನಾಮದಿಂದ ಪರಿಚಿತವಾದ ವಿಧಾನವನ್ನು ರೂಪಿಸಿದರು. ಇದರಲ್ಲಿ ಸಂಶಯಿತನು ಉತ್ತರಿಸಬೇಕಾಗಿಲ್ಲ. ಎಲೆಕ್ಟ್ರೋಡುಗಳ ಟೋಪಿ ಧರಿಸಿ ಕುಳಿತು, ಘಟನೆಯನ್ನು ಉತ್ತಮ ಪುರುಷದಲ್ಲಿ ನಿರೂಪಿಸುವ ಚಿಕ್ಕ ಚಿಕ್ಕ ವಾಕ್ಯಗಳನ್ನು ಕೇಳಿದರೆ ಸಾಕು. ಕೇಳಿ ತಿಳಿದ ಸಂಗತಿಗೂ ಸ್ವತಃ ಅನುಭವಿಸಿದ ಸಂಗತಿಗೂ ಮಿದುಳಿನ ಪ್ರತಿಕ್ರಿಯೆ ಬೇರೆಯೆಂದೂ, ಎರಡನೆಯದನ್ನು ‘ಅನುಭವಜನ್ಯ ಜ್ಞಾನ’ವೆಂದು ಯಂತ್ರ ಗುರುತಿಸಬಲ್ಲದೆಂದೂ ಇದರ ಪ್ರತಿಪಾದನೆ. ಸಂಶೋಧನೆಯ ಪ್ರಶ್ನೆಯಾಗಿ ಇದು ಮಹತ್ವದ್ದೇ. ಆದರೆ ಪ್ರಶ್ನೆಯು ಪ್ರಯೋಗಾಲಯದಲ್ಲಿ ಇತ್ಯರ್ಥವಾಗುವ ಮೊದಲೇ ವಿಧಾನವು ಪೊಲೀಸರ ಕೈ ಸೇರಿತು.

ಅಮೆರಿಕದಲ್ಲಿಯೂ ಆತುರವಿತ್ತು, ನ್ಯಾಯಾಲಯಗಳು ಮಾತ್ರ ಎಚ್ಚರ ವಹಿಸಿದವು. ಅಯೋವಾ ರಾಜ್ಯದ ಹ್ಯಾರಿಂಗ್ಟನ್ ಪ್ರಕರಣದಲ್ಲಿ ಫಾರ್ವೆಲ್ ಅವರ ಪರೀಕ್ಷೆಯನ್ನು ಮುಂದಿಟ್ಟಿದ್ದರೂ, ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2003ರಲ್ಲಿ ಶಿಕ್ಷೆಯನ್ನು ರದ್ದುಗೊಳಿಸಿದ್ದು ಪೊಲೀಸ್ ವರದಿಗಳನ್ನು ಮುಚ್ಚಿಟ್ಟ ಕಾರಣಕ್ಕೆ. 2004ರಲ್ಲಿ ಪೀಟರ್ ರೋಸೆನ್‌ಫೆಲ್ಡ್ ಮತ್ತು ಸಂಗಡಿಗರು, ಅಪ್ರಸ್ತುತ ಚಿತ್ರಗಳು ಬಂದಾಗ ಗುಟ್ಟಾಗಿ ಬೆರಳೊತ್ತುವಂತಹ ಸರಳ ಉಪಾಯಗಳಿಂದಲೇ ಪಿ-300 ಪರೀಕ್ಷೆಯನ್ನು ಹಾದಿ ತಪ್ಪಿಸಬಹುದೆಂದು ತೋರಿಸಿಕೊಟ್ಟರು.

ಅದೇ 2004ರಲ್ಲಿ ಬೆಂಗಳೂರಿನ ಕೋರಮಂಗಲ ಠಾಣೆಯ ಕೊಲೆ ಪ್ರಕರಣವೊಂದರಲ್ಲಿ ತನಿಖಾಧಿಕಾರಿಗಳ ಬಳಿ ಇದ್ದುದು ಸಾಂದರ್ಭಿಕ ಸಾಕ್ಷ್ಯ ಮಾತ್ರ. ನ್ಯಾಯಾಲಯದ ಅನುಮತಿ ಪಡೆದು ಮೂವರು ಸಂಶಯಿತರನ್ನು ಸುಳ್ಳು ಪತ್ತೆ ಮತ್ತು ಮಿದುಳು ಪರೀಕ್ಷೆಗೆ ಒಳಪಡಿಸಲಾಯಿತು. ಬಳಿಕ ಮಂಪರು ಪರೀಕ್ಷೆಗೂ ಆದೇಶವಾಯಿತು. ಸಂಶಯಿತರು ಕರ್ನಾಟಕ ಉಚ್ಚ ನ್ಯಾಯಾಲಯಕ್ಕೆ ಹೋದರು. 2004ರ ಸೆಪ್ಟೆಂಬರಿನಲ್ಲಿ ಅಲ್ಲಿ ಪರಿಹಾರ ದೊರೆಯದೆ ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿದರು. ಆ ವರ್ಷಗಳಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಅನ್ಯ ರಾಜ್ಯಗಳಿಂದಲೂ ಸಂಶಯಿತರನ್ನು ಕರೆತರಲಾಗುತ್ತಿತ್ತು. ನಕಲಿ ಛಾಪಾಕಾಗದ ಹಗರಣದ ಆರೋಪಿಯ ಮಂಪರು ಪರೀಕ್ಷೆಯ ಚಿತ್ರಿಕೆ ದೂರದರ್ಶನ ವಾಹಿನಿಗಳಲ್ಲಿ ಪ್ರಸಾರವಾಯಿತು. ತನಿಖೆಯ ಸಾಮಗ್ರಿ ಜನರ ಮನರಂಜನೆಯಾದುದು ವಿಷಾದದ ಸಂಗತಿ.

ಸಾಕ್ಷ್ಯ ಸಾಲದಾದಾಗ ಆರೋಪಿಯ ದೇಹವನ್ನೇ ಪ್ರಮಾಣವಾಗಿಸುವುದು ಈ ನೆಲಕ್ಕೆ ಹೊಸದಲ್ಲ. ಕಲ್ಯಾಣ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ‘ಮಿತಾಕ್ಷರಾ’ದಲ್ಲಿ ತುಲೆ, ಅಗ್ನಿ, ಜಲ, ವಿಷ, ಕೋಶ ಎಂಬ ಐದು ದಿವ್ಯಗಳನ್ನು ವಿವರಿಸಿದ್ದಾನೆ. ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮಾನುಷ ಪ್ರಮಾಣಗಳು ಇಲ್ಲದೆಡೆಯಲ್ಲಿ ಮಾತ್ರ ದಿವ್ಯಕ್ಕೆ ಅವಕಾಶವೆಂಬುದು ಯಾಜ್ಞವಲ್ಕ್ಯನ ನಿಯಮ. ದಿವ್ಯಕ್ಕೂ ಮಿದುಳಿನ ಅಲೆಗೂ ಸಾಮ್ಯವನ್ನು ಅತಿಯಾಗಿ ಎಳೆಯುವುದು ಸಲ್ಲ. ಆದರೂ ಎರಡನ್ನೂ ಮೊರೆಹೋದ ಸಂದರ್ಭ ಒಂದೇ ಬಗೆಯದೆಂಬುದು ಗಮನಾರ್ಹ.

2008ರ ಜೂನ್‌ನಲ್ಲಿ ಪುಣೆಯ ಸತ್ರ ನ್ಯಾಯಾಲಯವು ಬಿಯೋಸ್ ಫಲಿತಾಂಶವನ್ನೂ ಪರಿಗಣಿಸಿ ಕೊಲೆ ಪ್ರಕರಣವೊಂದರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿದಾಗ ವಿದೇಶಗಳ ನರವಿಜ್ಞಾನಿಗಳೂ ಬೆರಗಾದರು. ಶಿಕ್ಷೆಗೊಳಗಾದ ಯುವತಿಗೆ ಅನಂತರ ಮುಂಬಯಿ ಉಚ್ಚ ನ್ಯಾಯಾಲಯದಿಂದ ಜಾಮೀನು ದೊರೆಯಿತು. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರಾಗಿದ್ದ ಡಾ. ಡಿ. ನಾಗರಾಜ ಅವರ ಅಧ್ಯಕ್ಷತೆಯ ಪರಿಶೀಲನಾ ಸಮಿತಿಯು, ಮಿದುಳು ಪರೀಕ್ಷೆಗಳಿಗೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲವೆಂದೂ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸತಕ್ಕದ್ದಲ್ಲವೆಂದೂ ಅಭಿಪ್ರಾಯಪಟ್ಟಿತು. ವಿಧಾನದ ಮೂಲ ಪುರುಷರು ದುಡಿದ ಸಂಸ್ಥೆಯ ಮುಖ್ಯಸ್ಥರೇ ಹೀಗೆ ನಿರ್ಣಯಿಸಿದ್ದು ಸಂಸ್ಥೆಯ ಘನತೆಯನ್ನು ಹೆಚ್ಚಿಸಿದ ಸಂಗತಿ. ಪ್ರಯೋಗಾಲಯಗಳು ಮಾತ್ರ ಅದಕ್ಕೆ ಕೂಡಲೇ ಕಿವಿಗೊಡಲಿಲ್ಲ.

ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್, ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮತ್ತು ನ್ಯಾಯಮೂರ್ತಿ ಜೆ.ಎಂ. ಪಾಂಚಾಲ್ ಅವರ ಪೀಠದ ಮುಂದಿದ್ದ ಕಠಿಣ ಪ್ರಶ್ನೆ ಇದು: ಮಿದುಳಿನ ಅಲೆಯು ಬೆರಳಚ್ಚಿನಂತಹ ಭೌತಿಕ ವಸ್ತುವೋ, ನುಡಿದ ಹೇಳಿಕೆಯೋ? 1961ರ ಕಾಥಿ ಕಾಲು ಓಘಡ್ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠವು ಬೆರಳಚ್ಚು, ಕೈಬರಹದ ಮಾದರಿಗಳನ್ನು ಪಡೆಯುವುದರಿಂದ ಸಂವಿಧಾನದ 20(3)ನೆಯ ವಿಧಿಗೆ ಭಂಗವಿಲ್ಲವೆಂದಿತ್ತು. ಮಾತೇ ಆಡದವನ ಮಿದುಳಿನ ದಾಖಲೆಯೂ ಆ ಸಾಲಿಗೆ ಸೇರುತ್ತದೆಂಬುದು ಸರ್ಕಾರದ ಕಡೆಯ ವಾದ. ಪೀಠವು ಇದನ್ನು ಒಪ್ಪಲಿಲ್ಲ. ಬೆರಳಚ್ಚನ್ನು ಬೇರೊಂದು ವಸ್ತುವಿನೊಡನೆ ಹೋಲಿಸಲಾಗುತ್ತದೆ. ಅದು ತಾನಾಗಿ ಏನನ್ನೂ ಹೇಳುವುದಿಲ್ಲ. ಮಿದುಳು ಪರೀಕ್ಷೆಯಾದರೋ ವ್ಯಕ್ತಿಯ ಸ್ವಂತ ಅರಿವನ್ನು ಹೊರಗೆಡಹುತ್ತದೆ. ಆದುದರಿಂದ ನಾಲಿಗೆ ಅಲುಗದಿದ್ದರೂ ಅದು ಸಾಕ್ಷಿ ನುಡಿದಂತೆಯೇ. ಪರೀಕ್ಷೆಗೆ ಬಲವಂತಪಡಿಸುವುದು 20(3) ಮತ್ತು 21ನೆಯ ವಿಧಿಗಳಿಗೆ ವಿರುದ್ಧವೆಂದು ಪೀಠ ಸಾರಿತು. ಒಪ್ಪಿಗೆಯಿಂದ ನಡೆದ ಪರೀಕ್ಷೆಯ ಫಲಿತಾಂಶವೂ ತಾನಾಗಿ ಸಾಕ್ಷ್ಯವಾಗದು. ಅದರ ಜಾಡಿನಲ್ಲಿ ದೊರೆತ ವಸ್ತು ಅಥವಾ ಮಾಹಿತಿಯನ್ನು ಮಾತ್ರ ಸಾಕ್ಷ್ಯ ಅಧಿನಿಯಮದ 27ನೆಯ ಪ್ರಕರಣದಡಿ ಸ್ವೀಕರಿಸಬಹುದು. ದಂಡಾಧಿಕಾರಿಯ ಮುಂದೆ ಒಪ್ಪಿಗೆ ದಾಖಲಾಗಬೇಕೆಂಬುದೇ ಮೊದಲಾದ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 2000ದ ಮಾರ್ಗಸೂಚಿಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದೂ ಹೇಳಿತು.

ತೀರ್ಪಿನ ವೈಜ್ಞಾನಿಕ ಚರ್ಚೆ ಬಹುಮಟ್ಟಿಗೆ ಪಿ-300 ಕುರಿತ ಸಾಹಿತ್ಯವನ್ನೇ ಅವಲಂಬಿಸಿದೆ. ಅನುಭವಜನ್ಯ ಜ್ಞಾನವನ್ನು ಬೇರ್ಪಡಿಸಬಹುದೆಂಬ ಬಿಯೋಸ್‌ನ ವಿಶಿಷ್ಟ ಪ್ರತಿಪಾದನೆಯನ್ನು ಪೀಠವು ಪ್ರತ್ಯೇಕವಾಗಿ ಒರೆಗೆ ಹಚ್ಚಲಿಲ್ಲ. ಪ್ರಾಯಶಃ ಇದೇ ಕಾರಣದಿಂದ ಆ ವಿಧಾನವು ಗಾಂಧಿನಗರದ ಪ್ರಯೋಗಾಲಯದಲ್ಲಿ ಉಳಿದುಬಂದಿತು. 2020ರ ಹಾಥರಸ್ ಪ್ರಕರಣದ ಆರೋಪಿಗಳನ್ನು ಇದೇ ಪರೀಕ್ಷೆಗೆಂದು ಅಲ್ಲಿಗೆ ಕರೆದೊಯ್ಯಲಾಗಿತ್ತು.

ನಿಮ್ಹಾನ್ಸ್‌ನ ಆಸಕ್ತಿ ಇಷ್ಟರಲ್ಲಿ ಬೇರೆಡೆಗೆ ಹೊರಳಿತ್ತು. ನೆತ್ತಿಯ ಮೂಲಕ ದುರ್ಬಲ ನೇರ ವಿದ್ಯುತ್ತನ್ನು ಹರಿಸಿ ಸ್ಕಿಜೋಫ್ರೇನಿಯಾ ರೋಗಿಗಳಿಗೆ ಕೇಳಿಸುವ ಭ್ರಮಾಧ್ವನಿಗಳನ್ನು ತಗ್ಗಿಸುವ ಅಧ್ಯಯನಗಳು 2010ರ ದಶಕದಲ್ಲಿ ಅಲ್ಲಿ ನಡೆದವು. ಆ ಉಪಕರಣದ ಗುರಿ ರೋಗಿಯ ಉಪಶಮನವೇ ಹೊರತು ಗುಟ್ಟಿನ ಶೋಧವಲ್ಲ.

ಸಾಕ್ಷ್ಯ ಅಧಿನಿಯಮದ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮವು ಜಾರಿಗೆ ಬಂದು, ಹಳೆಯ 27ನೆಯ ಪ್ರಕರಣದ ಆಶಯವು 23ನೆಯ ಪ್ರಕರಣದೊಳಗೆ ಸೇರಿತು. 2025ರ ಜೂನ್‌ನಲ್ಲಿ ಬಿಹಾರದ ಅಮ್ಲೇಶ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಕೋರಮಂಗಲದ ಆ ಹಳೆಯ ಪ್ರಕರಣದಿಂದ ಹುಟ್ಟಿದ ತೀರ್ಪನ್ನೇ ಆಧರಿಸಿ, ಎಲ್ಲ ಆರೋಪಿಗಳ ಮಂಪರು ಪರೀಕ್ಷೆಗೆ ಸಮ್ಮತಿಸಿದ್ದ ಪಟ್ನಾ ಉಚ್ಚ ನ್ಯಾಯಾಲಯದ ಆದೇಶವನ್ನು ತಳ್ಳಿಹಾಕಿತು.